ಲಾಫ್ಟ್

ನಮ್ಮ ಕಡೆ ಲಾಫ್ಟ್ ಅಂದ್ರ
ಬಚ್ಚಲ ಬಾಗಿಲ ಮ್ಯಾಲಿನ ಹಲಗಿ:
ತಳ ಹೋದ ಕೊಡ, ಬತ್ತಿ ಇಲ್ಲದ ಸ್ಟೋ,
ಬಾಣಂತನದ ತೊಟ್ಟಿಲ ಹಗ್ಗ.
ಅಲ್ಲಿ ಮನಶ್ಯಾರೂ ಇರ್ತಾರ ಅಂತ
ಗೇಟಿನ ಬೋರ್ಡ್ ಓದಿದ ಮ್ಯಾಲ ತಿಳೀತು.

ಐದು ಮಜಲಿನ ನೂಲಿನ ಮಿಲ್ಲು.
ಸೊಲ್ಲಾಪುರದ ಸಂತಿಗೆ ಬಂದವರು
ರುಮಾಲು ಹಿಡಕೊಂಡು ಮ್ಯಾಲ ನೋಡವರು.
ಭೋಂಗಾ ಊದಿದರ
ಇಡೀ ಪೇಠ ಒಲಿ ಹಚ್ಚತಿತ್ತು.
ನಾಕನೇ ಮಜಲಿನಾಗ ನಮ್ಮವ್ವ ಮಹಾನಂದಾ
ಕಂಡಿಕಿ ಸುತ್ತಾಕಿ.
ಪಾಳಿ ಮುಗಿಸಿ ಬಂದಾಗ ಹುಬ್ಬಿಗೆಲ್ಲ ಹತ್ತಿ,
ಮೂವತ್ತಕ್ಕ ಮುದುಕಿ;
ಸೆರಗಿಲೆ ತಲಿ ಝಾಡಿಸಿದರ
ಮತ್ತ ಹರೇದಾಕಿ.

ಈಗ ಅದೇ ಮಜಲಿಗೆ
ನಾನು ವೈರಿಂಗ್ ಮಾಡಾಕ ಬಂದೀನಿ.
ಪುಣೆದಿಂದ ಬಂದ ಆರ್ಕಿಟೆಕ್ಟ್, ಸಣ್ಣ ಹುಡುಗಿ, ಮಾತು ಮೆತ್ತಗ,
"ಪೈಪ್ ಮುಚ್ಚಬ್ಯಾಡ್ರಿ ಮಾಮಾ, ಕಾಣಲಿ" ಅಂತಾಳ.
ಗ್ವಾಡಿ ಗಿಲಾವು ಕೆರದು ಕೆರದು
ಇಟ್ಟಂಗಿ ಹೊರಗ ತಗದಾರ,
ಚೌರಸ್ ಫೂಟಿಗೆ ಇಷ್ಟು ಅಂತ ಕೂಲಿ ಕೊಟ್ಟು.
ನಮ್ಮನ್ಯಾಗ ಇಪ್ಪತ್ತು ವರ್ಷ ಆತು,
ಪುಕ್ಕಟ ಕಾಣಾಕತ್ತಾವ ಇಟ್ಟಂಗಿ.
ಅವನ್ನ ನೋಡೇ ಅಕ್ಕಲಕೋಟದವರು
ಮಗಳನ್ನ ಕರೀರಿ ಅನ್ನದ
ಎದ್ದು ಹ್ವಾದ್ರು.

ಮೂರನೇ ಕಂಬ, ಕಿಡಕಿ ಕಡಿ ಮೈ.
ಬಣ್ಣ ಕೆತ್ತಿದಾಗ ಗೆರಿ ಎದ್ದುವು:
ನಾಕು ಉದ್ದ, ಒಂದು ಅಡ್ಡ,
ಅಂಥಾವು ನಾಕು ಕಟ್ಟು, ಕೆಳಗ ಮೂರು ಒಂಟಿ.
ಬಾಜೂಕ ಅವ್ವನ 'ಮ', ಕಾಲು ಸೊಟ್ಟ.
ಹುಡುಗಿ ಕುಣದಾಡಿದ್ಲು:
"ಎಷ್ಟು ಕಂಡಿಕಿ ಸುತ್ಯಾರ, ಲೆಕ್ಕ ನೋಡ್ರಿ!
ಮುಂದ ಕಾಜು ಹಾಕೋಣ, ಮ್ಯಾಲೊಂದು ದೀಪ."
ಹೂಂ ಅಂದೆ.
ನಕ್ಷಾದಾಗ ಇದ್ದ ಸ್ಕ್ರೂ
ಎರಡು ಬೆರಳು ಸರಿಸಿ ಡ್ರಿಲ್ ಹಚ್ಚಿದೆ.

ಕಂಡಿಕಿ ಲೆಕ್ಕ ಇರತಿದ್ದದ್ದು ಜಾಬರ್‌ನ ವಹಿಯೊಳಗ.
ಇದು ಕ್ಯಾಂಟೀನ್ ರಾಜಯ್ಯನ ಉದ್ರಿ.
ಇಪ್ಪತ್ಮೂರು ಚಾ.
ಪಗಾರದ ದಿನ ತೀರಿಸೋದು,
ಪಗಾರದ ಹಿಂದಿನ ದಿನ ಗೇಟಿಗೆ ಬೀಗ.
ಆಮ್ಯಾಲ ಅವ್ವ ಸಾಯೂತನಕ
ಯಾರ ಮನ್ಯಾಗೂ ಚಾ ಮುಟ್ಟಲಿಲ್ಲ.
ಪಿತ್ತ ಆಗ್ತದವ್ವಾ, ಅಂತಿದ್ಲು.

ಸಂಜಿಮುಂದ ಕನ್ನಾ ಚೌಕಕ್ಕ ಹ್ವಾದೆ.
ರಾಜಯ್ಯನ ಮೊಮ್ಮಗಂದು ಅಲ್ಲೊಂದು ಚಾ ಗಾಡಿ.
ಎಲ್ಲಾ ಹೇಳಿದೆ, ಕಂಬ, ಗೆರಿ, ಸೊಟ್ಟ ಅಕ್ಷರ;
ಕಿಸೆದಾಗ ಕೈ ಹಾಕಿದೆ.
ಅವ ತೆಲುಗಿನಾಗ ಒಮ್ಮೆ ನಕ್ಕ,
ಸೋಸಣಿಗಿ ಗಾಡಿ ಅಂಚಿಗೆ ಬಡದು ಕೇಳಿದ:
"ಆಗಿನ ರೇಟೋ, ಈಗಿಂದೋ?"