ಹಳದಿ ಚೌಕ

ರಾತ್ರಿ ಪಾಳಿ, ಮಂಡ್ಯದ ದೊಡ್ಡಾಸ್ಪತ್ರೆ.
ಪರದೆಯ ಮೇಲೆ ಹಳದಿ ಚೌಕ ಏಳುತ್ತದೆ,
ಒತ್ತುತ್ತೇನೆ: ಸರಿ.
ಮತ್ತೆ ಏಳುತ್ತದೆ. ಸರಿ.
ಗ್ಯಾಸಿನ ಮಾತ್ರೆಗೂ ಬೊಬ್ಬೆ ಹಾಕುವ ಯಂತ್ರ,
ಹುಲಿ ಬಂತು ಹುಲಿ ಎಂದವನ ತಮ್ಮ.

ಎರಡೂಮುಕ್ಕಾಲಿಗೆ ಕೆರಗೋಡಿನ ಚಿಕ್ಕತಾಯಮ್ಮ,
ಆಲೆಮನೆಯ ಕೊಪ್ಪರಿಗೆಗೆ ಕಾಲು ಸುಟ್ಟುಕೊಂಡು
ಕೀವಾಗಿ, ಜ್ವರ ಏರಿ ಬಂದವಳು.
ಇಂಜೆಕ್ಷನ್ ಬರೆದೆ. ಚೌಕ ಎದ್ದಿತು.
ಬೆರಳು ಆಗಲೇ ಅರ್ಧ ಇಳಿದಿತ್ತು.

ಕೆಳಗೊಂದು ಸಾಲು, ಮೂರು ವರ್ಷ ಹಳೆಯದು,
ಯಾರೋ ಟ್ರೈನಿ ನರ್ಸು
ಕೇಳಿಸಿಕೊಂಡ ಹಾಗೇ ಟೈಪಿಸಿದ್ದು:
‘ಆ ಸೂಜಿ ನಂಗಾಗಕಿಲ್ಲ ಕನವ್ವ,
ಹೋದ್ಸಲ ಗಂಟ್ಲೇ ಕಟ್ಕತು.’

ಬೇರೆ ಔಷಧಿ ಬರೆದೆ.
ಆಕೆ ನಿದ್ದೆಗಣ್ಣಲ್ಲೇ ಮಗ್ಗುಲಾದಳು.

ಒಂಬತ್ತನೇ ಮಂಚಕ್ಕೆ ಮತ್ತೆ ಚೌಕ.
ಪೂರ್ತಿ ಓದಿದೆ.
ಏನೂ ಇರಲಿಲ್ಲ.
ಸರಿ.