ಮುನ್ನೂರ ಹನ್ನೆರಡು ಲೇಬಲ್ಲು

ಬಾಣಾವರದ ಬಸ್‌ಸ್ಟಾಂಡಿನ ಹಿಂದೆ
ದಸ್ತಗೀರ್ ಆರ್ಟ್ಸ್ ಅಂದರೆ ನಾನೇ.
ಫ್ಲೆಕ್ಸು ಬಂದ ಮೇಲೂ
ಕೈಬರಹವೇ ಬೇಕೆನ್ನುವ ನಾಲ್ಕು ಮಂದಿ ಇದ್ದಾರೆ,
ಜಾವಗಲ್ ದಾರಿಯ ಸಂತ್ಯಾಗಪ್ಪ ಅವರಲ್ಲೊಬ್ಬ.

ಒಂದೂಕಾಲು ಎಕರೆ, ಕಲ್ಲುಕಂಬ, ತುಕ್ಕು ತಂತಿ,
ತಂತಿಗೆ ತೋಳು ಹಾಕಿ ನಿಂತ ಬಳ್ಳಿ.
ಕೊಯ್ಯುವವರು ಅವನು, ಹೆಂಡತಿ ಪಿಲುಮೇನ,
ಇಬ್ಬರು ನಾದಿನಿಯರು, ಹಣೆಗೆ ಟಾರ್ಚು ಕಟ್ಟಿಕೊಂಡು,
ಮಾಘದ ಚಳಿಯಲ್ಲಿ, ಕೋಳಿಗಿಂತ ಮುಂಚೆ.
ದನದ ಕೊಟ್ಟಿಗೆ ಇದ್ದಲ್ಲಿ ಈಗ ಎರಡು ಸ್ಟೀಲ್ ಪೀಪಾಯಿ.

"ಬಾಟಲಿ ಮುನ್ನೂರ ಹನ್ನೆರಡು. ಅಣ್ಣಾ,
ಲೇಬಲ್ಲು ಕನ್ನಡದಲ್ಲೇ ಇರ್ಲಿ.
ಬಿಳಿ ವೈನು, ಡ್ರೈ.
ಆ ಡ್ರೈಗೊಂದು ಮಾತು ಹುಡುಕಿಕೊಡು."

ನಾನು ಬಾಯಿಗಿಟ್ಟವನಲ್ಲ, ಇಡುವವನೂ ಅಲ್ಲ.
ಆದರೆ ಹುಲ್ಲು ತಿನ್ನದೆಯೇ ಪಶು ಆಸ್ಪತ್ರೆಯ ಬೋರ್ಡು ಬರೆದಿದ್ದೇನೆ,
ಒಂದೇ ಗೋಡೆಯಲ್ಲಿ ಮೂರು ಪಕ್ಷಕ್ಕೂ ಜಯವಾಗಲಿ ಅಂದಿದ್ದೇನೆ,
ಇದೇನು ಮಹಾ.

ಮೊದಲು ಒಣ ಅಂತ ಬರೆದೆ.
ಒಣ ವೈನ್. ಮೀನಂಗಡಿಯ ನಾತ ಬಂತು.
ಒಣಜಂಭ, ಒಣಮಾತು, ಒಣಹುಲ್ಲು...
ಲೋಟದಲ್ಲಿ ಒದ್ದೆಯಾಗಿ ಕುಲುಕುವುದನ್ನು
ಯಾವ ಬಾಯಲ್ಲಿ ಒಣ ಅನ್ನುವುದು?
ಬರಡು ಅಂದೆ. ಪಿಲುಮೇನ ಮುಖ ತಿರುಗಿಸಿದಳು,
ಯಾಕೆಂದು ಕೇಳಲಿಲ್ಲ ನಾನು.
ಸಪ್ಪೆ ಅಂದರೆ ಸಂತ್ಯಾಗಪ್ಪನಿಗೆ ಸಿಟ್ಟು.
ಸಕ್ಕರೆರಹಿತ ಅಂದರೆ ಮೆಡಿಕಲ್ ಸ್ಟೋರು.

"ಹಂಗಾದ್ರೆ ರುಚಿ ಹೇಳ್ರಪ್ಪಾ, ಕೇಳಿ ಬರೀತೀನಿ."
ಅವನು: ಬೋರಿನ ಕೊನೇ ಪೈಪಿನ ನೀರು, ಕಲ್ಲು ನೆಕ್ಕಿದ ಹಾಗೆ.
ಅವಳು: ಎಳೇ ಮಾವಿನ ಓಟೆ, ಆಮೇಲೆ ಏನೂ ಇಲ್ಲ,
ಆ ಏನೂ ಇಲ್ಲದ್ದೇ ಚೆಂದ.
ನಾದಿನಿಯ ಮಗ: ಥೂ.

ಮೂಲೆಯಲ್ಲಿ ಜಪಸರ ಎಣಿಸುತ್ತಿದ್ದ ಮುದುಕಿ ಜ್ಞಾನಮ್ಮ
ಹಿಡಿದ ಮಣಿ ಬಿಡದೆ ಅಂದಳು:
"ಹಣ್ಣಲ್ಲಿ ಸಕ್ಕರೆ ಇತ್ತು ಕಣಪ್ಪಾ, ಬೇಕಾದಷ್ಟಿತ್ತು.
ಯಾರೂ ಕದ್ದಿಲ್ಲ. ಒಳಗಿನ ಹುದುಗೇ
ಹದಿನೇಳು ದಿನ ಬುಸುಬುಸು ಅಂತ ತಿಂದು ಮುಗಿಸ್ತು.
ನೀನೂ ರೋಜಾ ಹಿಡಿಯೋನು, ನಾನೂ ತಪಸ್ಸುಕಾಲ ಮಾಡೋಳು.
ಸಂಜೆ, ಇನ್ನೇನು ಬಾಂಗು ಕೂಗಬೇಕು ಅನ್ನೋವಾಗ
ಬಾಯಿ ಹೆಂಗಿರ್ತದೆ? ಹಸಿವೂ ಸುಮ್ಮನಾಗಿರ್ತದಲ್ಲ,
ಬಾಯಿ ತನ್ನ ರುಚಿ ತಾನೇ ನೋಡ್ಕೊಂಡು ಕೂತಿರ್ತದಲ್ಲ,
ಹಂಗೆ."

ನಗು ಬಂತು. ಸ್ವಲ್ಪ ಸಿಟ್ಟೂ.
ಎಲ್ಲಿಯದನ್ನು ಎಲ್ಲಿಗೆ ತಂದು ಗಂಟು ಹಾಕುತ್ತಾಳೆ ಮುದುಕಿ!
ಅಷ್ಟರಲ್ಲಿ ನಾಲಿಗೆ ಅಂಗುಳ ಮುಟ್ಟಿ
ನೆನಪು ಮಾಡಿಕೊಂಡುಬಿಟ್ಟಿತ್ತು.

ಎರಡನೇ ನಂಬರ್ ಬ್ರಶ್ಶು, ಕಪ್ಪು ಬಣ್ಣ.
ಸಿಹಿ ಬಿಟ್ಟ ಬಿಳಿ
ಅಂತ ಬರೆದೆ.
'ಬಿಟ್ಟ'ದ ಒತ್ತು ಗೆರೆ ದಾಟಿ ಕೆಳಗಿಳಿಯಿತು,
ನೀರು ಹುಡುಕುವ ಬೇರಿನ ಹಾಗೆ. ಅಳಿಸಲಿಲ್ಲ.
ಸಂತ್ಯಾಗಪ್ಪ ಓದಿದ, ಇನ್ನೊಮ್ಮೆ ಓದಿದ.
"ಡಾಕ್ಟ್ರು ಬಿಡಿಸಿದಂಗೆ ಕಾಣಲ್ವಾ ಅಣ್ಣಾ?" ಅಂದ.
"ಇರ್ಲಿ ಬಿಡಿ" ಅಂದಳು ಪಿಲುಮೇನ.

ಮುನ್ನೂರ ಹನ್ನೊಂದು ಬಾಕಿ. ದಿನಕ್ಕೆ ನಲವತ್ತು.
ಕೂಲಿ ಅರ್ಧ ಈಗ, ಅರ್ಧ ಮಾರಿದ ಮೇಲೆ.
ಹೊರಡುವಾಗ ಪೇಪರಿನಲ್ಲಿ ಸುತ್ತಿ ಕೊಟ್ಟಳು
ಎಲೆಮರೆಯಲ್ಲಿ ಉಳಿದು ಅರ್ಧ ಸುಕ್ಕಾದ ಒಂದು ಗೊಂಚಲು.
ಹಿರೇಕಲ್ಲು ಗುಡ್ಡ ಕಾಣುವ ತಿರುವಿನಲ್ಲಿ
ಮೊಪೆಡ್ ನಿಲ್ಲಿಸಿ ತಿಂದೆ.
ಎಂಥ ಸಿಹಿ!
ಬೆರಳಿಗೆ ಬೆರಳು ಅಂಟಿತು.
ಬೀಜ ಉಗಿದು ಗಾಡಿ ಹತ್ತಿದರೆ
ಹ್ಯಾಂಡಲ್ಲು
ಕೈ ಬಿಡಲೊಲ್ಲದು.