ಒಳಗಿನಿಂದ ಓದಿದ ಬೋರ್ಡು

ಇಂಕ್‌ಜೆಟ್ ಆಗಂಗಿಲ್ಲ, ನೀರು ತಾಗಿದರ ಅಳತೈತಿ.
ಲೇಸರ್ ಪ್ರಿಂಟೇ ಬೇಕು, ಸಾದಾ ಕಾಗದದ ಮ್ಯಾಲ.
ಇಷ್ಟು ನನಗ ಗೊತ್ತು. ನವನಗರದಾಗ ಎಂಟು ವರ್ಷ
ಮಂದೀ ಉತಾರ, ಆಧಾರ್ ಕಾರ್ಡು, ಮಾರ್ಕ್ಸ್ ಕಾರ್ಡು
ಝೆರಾಕ್ಸ್ ಹೊಡದ ಕೈ ಇವು.

ಫೋಟೋ ಒಂದೇ ಒಂದು ಉಳಿದಿತ್ತು.
ಹಳೇ ಬಾಗಲಕೋಟಿ. ಮುಳುಗಡಿ ನೋಟಿಸಿಗಿಂತ ಮುಂಚಿನ
ಯಾವುದೋ ಮಧ್ಯಾಹ್ನ.
ಗಾಜಿನ ಮ್ಯಾಲ ಕೆಂಪು ಬಣ್ಣದಾಗ
‘ಮೌನೇಶ ವಾಚ್ ರಿಪೇರಿ’,
ಗಾಜಿನ ಹಿಂದ, ಒಂದು ಕಣ್ಣಿಗೆ ಮಸೂರ ಸಿಗಿಸಿಕೊಂಡು
ತಲಿ ಎತ್ತದ ನಮ್ಮ ಮಾವ.
ತೆಗೆದವರು ಯಾರೋ. ಅವರ ಬೆರಳು ಮಾತ್ರ
ಒಂದು ಮೂಲ್ಯಾಗ ಮಬ್ಬಾಗಿ ಬಿದ್ದೈತಿ.

ಹಲಗಿ ಅಟ್ಟದ ಮ್ಯಾಲ ಸಿಕ್ಕಿತು,
ಅದೇ ಅಂಗಡಿ ಮೇಜಿಂದು.
ಪಾಲಿಶ್ ಪೇಪರಿನಿಂದ ತಿಕ್ಕುವಾಗ
ಒಂದು ಬಿರುಕಿನಾಗ ಏನೋ ಮಿಣುಕ್ ಅಂತು:
ಸಾಸಿವಿಗಿಂತ ಸಣ್ಣ ಸ್ಕ್ರೂ.
ಸೂಜಿಯಿಂದ ಎಬ್ಬಿಸಿದೆ, ಬರಲಿಲ್ಲ.
ಇರಲಿ ಬಿಡು, ಅದರ ಮನಿ ಅದು.

ಫೆವಿಕಾಲು ಮಂದ ಆದರ ಗುಳ್ಳಿ, ತೆಳು ಆದರ ತೂತು.
ಮಾವನ್ನ ಬೋರಲು ಮಲಗಿಸಿ
ಅವಧಿ ಮುಗಿದ ಎಟಿಎಂ ಕಾರ್ಡಿನಿಂದ ಗಾಳಿ ಹೊರಗ ತಳ್ಳಿ
ಮ್ಯಾಲ ಜ್ವಾಳದ ಡಬ್ಬಿ ಹೇರಿದೆ.
ಆ ರಾತ್ರಿ ಖರೇ ಮಾವ ದವಾಖಾನ್ಯಾಗಿದ್ದರು,
ಎಡಗಣ್ಣಿಗೆ ಹಸರ ಪಟ್ಟಿ.
ಪೊರಿ ತೆಗದಾರ, ನಾಳೆ ಬಿಚ್ಚತಾರ ಅಂತ
ಕಾಳಪ್ಪನ ಫೋನು.

ಬೆಳಿಗ್ಗೆ ಸ್ಪಂಜು ಹಿಂಡಿದೆ.
ಕಾಗದ ನೆನೆದು ಬೂದಿ ಬಣ್ಣಕ್ಕ ಬಂತು.
ಉಗುರು ಹಚ್ಚಬಾರದು, ಬೆರಳಿನ ಮಿದು ಮಾತ್ರ,
ಸುತ್ತ, ಸುತ್ತ, ಸಾವಕಾಶ.
ಬೆರಳ ಕೆಳಗ ಕಾಗದ ಎಳಿ ಎಳಿಯಾಗಿ ಸುರುಳಿ.
ಅತ್ತಿ ಬಾಗಿಲಾಗ ನಿಂತು,
‘ಏನವಾ, ಮುಂಜಾನೆದ್ದು ಶಾವಗಿ ಹೊಸಿಯಾಕತ್ತಿ?’

ಮೊದಲು ಮಸೂರ ಬಂತು. ಆಮ್ಯಾಲ ಹಣಿ.
ಎಡಗಿವಿ ನನ್ನ ಅವಸರಕ್ಕ ಹೋತು,
ಅಲ್ಲೀಗ ಬರೀ ಕಟ್ಟಿಗಿ ಕಾಣತೈತಿ.
ಗಾಜು ಬಂತು. ಅಕ್ಷರ ಬಂದವು.

ಬಂದವು, ಉಲ್ಟಾ.

ಮೌನೇಶ ಬಲಗಡಿಯಿಂದ ಹೊಂಟಾನ,
‘ವಾಚ್’ ಗೋಡಿ ಕಡೆ ಮುಖ ಮಾಡಿ ಕುಂತೈತಿ.
ಕಂಪ್ಯೂಟರಿನಾಗ ಒಂದು ಗುಂಡಿ ಅದು, ಫ್ಲಿಪ್ ಅನ್ನೋದು.
ಟೀ ಶರ್ಟ್ ಪ್ರಿಂಟಿಗೆ ಬಂದ ಹುಡುಗರಿಗೆ
ದಿನಾ ನಾನೇ ಬೈತೀನಿ, ಒತ್ತಿದ್ರೇನು, ಒತ್ತಿದ್ರೇನು ಅಂತ.
ಪ್ರಿಂಟು ಇನ್ನೊಂದು ತೆಗೀಬಹುದು.
ಹಲಗಿ ಎಲ್ಲಿಂದ ತರಲಿ?
ನಲ್ಲಿ ಬಿಟ್ಟು ಅತ್ತೆ.
ಅತ್ತಿಗೆ ಕೇಳಬಾರದಂತ.

ಆಟೋ ಬಂತು. ಕರೀ ಚಾಳೀಸು, ಬ್ಯಾಡ ಅಂದರೂ ಮಗನ ಭುಜ.
ಬಚ್ಚಿಡಬೇಕು ಅನ್ನೋದರಾಗ ಅತ್ತಿ ಕೊಟ್ಟೇಬಿಟ್ಟಳು:
‘ನಿಮ್ಮ ಸೊಸಿ ರಾತ್ರೆಲ್ಲ ನಿದ್ದಿಗೆಟ್ಟು ಮಾಡ್ಯಾಳ.
ಬೋರ್ಡು ಸೊಟ್ಟ ಬಂದೈತಿ, ಬಯ್ಯಬ್ಯಾಡ್ರಿ.’

ಚಾಳೀಸು ಹಣಿಗೆ ಏರಿಸಿದರು.
ಹತ್ತಿರ ತಂದರು. ದೂರ ಹಿಡದರು.
ನಾನು ಕಿವಿ ಹೋದದ್ದಕ್ಕ ಒಂದು, ಅಕ್ಷರಕ್ಕ ಒಂದು
ಎರಡು ತಪ್ಪೊಪ್ಪಿಗಿ ಬಾಯಾಗ ಇಟ್ಟುಕೊಂಡು ನಿಂತಿದ್ದೆ.

‘ಸೊಟ್ಟ ಎಲ್ಲೈತ್ಯ?’ ಅಂದರು.
‘ಬೋರ್ಡು ಇರೋದ ಹಿಂಗ.
ಮೂವತ್ತೆರಡು ವರ್ಷ ಒಳಗ ಕುಂತು
ನಾ ಓದಿದ್ದು ಹಿಂಗ.
ಸೀದಾ ಓದಿದವರು ಹಾದಿ ಮಂದಿ.
ಸಂಜಿ ಬಿಸಿಲಿಗೆ ಈ ಕೆಂಪಕ್ಷರ
ಬಂದು ಮೇಜಿನ ಮ್ಯಾಲ ಮಲಗತಿದ್ದವು,
ಗಿರಾಕಿ ಗಡಿಯಾರದ ಮ್ಯಾಲ, ನನ್ನ ಕೈ ಮ್ಯಾಲ…’

ಅಷ್ಟು ಮಾತು ಅವರು ಆಡಿದ್ದು
ನಾ ಈ ಮನಿಗೆ ಬಂದ ಮ್ಯಾಲ ಅದೇ ಮೊದಲು.

ಆಮ್ಯಾಲ ಸುಮ್ಮನಾದರು.
ಹೆಬ್ಬೆರಳು ಹಲಗಿ ಮ್ಯಾಲ ಹರದಾಡಿತು,
ಹೋದ ಕಿವಿ ದಾಟಿ, ಗಾಜು ದಾಟಿ,
ಒಂದು ಕಡೆ ನಿಂತಿತು.

‘ಎಚ್‌ಎಂಟಿದು,’ ಅಂದರು.
‘ಹೆಣ್ಣುಮಕ್ಕಳ ವಾಚಿಂದು. ಆವತ್ತು ಎಷ್ಟು ಹುಡುಕಿದೆ!
ಚಿಮಟ ಎಲ್ಲೈತಿ ನೋಡವಾ.’